ಎಡಕ್ಕೆಳೆಯುವ ಗಾಡಿ

ನಮ್ಮ ಭಾವನನ್ನು ಪೇಟೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದಾರದಣ್ಣ ಎಲ್ಲಿ ಎಂದು ಕೇಳಿದರೆ ಅಂಚೆಯವನಿಂದ ಹಿಡಿದು ಬೇಕರಿಯವನವರೆಗೆ ಎಲ್ಲರೂ ಗ್ಯಾರೇಜಿನ ಕಡೆ ಕೈ ತೋರಿಸುತ್ತಾರೆ. ಗಾಡಿಗಳ ಚಕ್ರ ನೇರ ಮಾಡುವುದು ಅವರ ಕಸುಬು. ಈಗ ಆ ಕೆಲಸಕ್ಕೆ ಕಂಪ್ಯೂಟರ್ ಬಂದಿದೆ, ಭಾವನ ಗ್ಯಾರೇಜಿನಲ್ಲೂ ಒಂದು ಇದೆ. ಆದರೆ ಕಂಪ್ಯೂಟರ್ ಸರಿ ಎಂದ ಮೇಲೂ ಇವರು ಜೇಬಿನಿಂದ ದಾರದ ಉಂಡೆ ತೆಗೆದು, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಬಿಗಿಯಾಗಿ ಎಳೆದು, ನೆಲಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣು ಮುಚ್ಚಿ ನೋಡಬೇಕು. ನೋಡಿ "ಹ್ಞೂಂ" ಎನ್ನಬೇಕು. ಆ ಹ್ಞೂಂಕಾರ ಬೀಳದೆ ಗಾಡಿ ಬಾಗಿಲು ದಾಟುವುದಿಲ್ಲ.

ಗ್ಯಾರೇಜಿನಲ್ಲಿ ಮಾಡಿದರೆ ಕಸುಬು, ಮನೆಯಲ್ಲೂ ಮಾಡಿದರೆ ಕಾಯಿಲೆ. ಗೋಡೆಯ ಕ್ಯಾಲೆಂಡರ್ ಒಂದು ಕೂದಲೆಳೆ ವಾಲಿದ್ದರೂ ಭಾವನಿಗೆ ಊಟ ಸೇರುವುದಿಲ್ಲ. ತಟ್ಟೆಯಲ್ಲಿ ಬಿಸ್ಕತ್ತು ಇಟ್ಟುಕೊಟ್ಟರೆ ಮೊದಲು ಅವನ್ನು ಸಾಲಾಗಿ ಜೋಡಿಸಿ ಆಮೇಲೆ ತಿನ್ನುತ್ತಾರೆ. ನಾನು ಅವರ ಮನೆಗೆ ಹೋದಾಗಲೆಲ್ಲ ಬೇಕೆಂದೇ ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು ಒಳಗೆ ಹೋಗುತ್ತೇನೆ. ಐದು ನಿಮಿಷ ತಡೆದುಕೊಂಡು ಕೂರುತ್ತಾರೆ, ಆಮೇಲೆ ಏನೋ ನೆನಪಾದವರಂತೆ ಎದ್ದು ಬಾಗಿಲ ಕಡೆ ಹೋಗುತ್ತಾರೆ. ಭಾವಮೈದುನ ಆಗಿ ಹುಟ್ಟಿದ ಮೇಲೆ ಇಷ್ಟಾದರೂ ಸುಖ ಬೇಡವೇ?

ಅಕ್ಕ ಇವರಿಗೆ ತಕ್ಕ ಜೋಡಿ. ಕೊರಿಯರ್ ಕಚೇರಿಯ ಕೌಂಟರಿನಲ್ಲಿ ಅವಳದು ಪಾರ್ಸಲ್ ತೂಗುವ ಕೆಲಸ. ಗಿರಾಕಿ ಎಷ್ಟೇ ನಯವಾಗಿ ಮಾತಾಡಲಿ, ಎಷ್ಟೇ ಕಣ್ಣೀರು ಹಾಕಲಿ, ಐವತ್ತು ಗ್ರಾಂ ಹೆಚ್ಚಿದ್ದರೆ ಹೆಚ್ಚೇ. ಒಮ್ಮೆ ನಾನು ನಮ್ಮ ಕನ್ನಡಕದಂಗಡಿಯ ಪಾರ್ಸಲ್ ತೆಗೆದುಕೊಂಡು ಹೋಗಿದ್ದೆ. ಸ್ವಂತ ತಮ್ಮ ಎಂಬ ದಾಕ್ಷಿಣ್ಯ ಬೇಡವೇ? "ಮುಂದಿನವರು ಬನ್ನಿ" ಎಂದು ನನ್ನನ್ನು ಪಕ್ಕಕ್ಕೆ ನಿಲ್ಲಿಸಿ, ಟೇಪು ಬಿಚ್ಚಿಸಿ, ರಟ್ಟು ಕಡಿಮೆ ಮಾಡಿಸಿ ಆಮೇಲೆ ತೂಗಿದಳು. ಅವಳ ತಕ್ಕಡಿಯ ಮೇಲೆ ಭಾವನಿಗೆ ದೇವರಿಗಿಂತ ಹೆಚ್ಚು ನಂಬಿಕೆ.

ಇಬ್ಬರಿಗೂ ಇರುವ ಒಂದೇ ಚಟ ಬೈಕು. ಬೈಕನ್ನು ತಮಗೆ ಬೇಕಾದಂತೆ ಕತ್ತರಿಸಿ, ಉದ್ದ ಮಾಡಿ, ಗಿಡ್ಡ ಮಾಡಿ, ಬಣ್ಣ ಬಳಿದು ಮೆರೆಸುವ ಒಂದು ಜಾತಿಯ ಜನ ಇದ್ದಾರೆ. ಅವರು ಆಗಾಗ ಶನಿವಾರ ಭಾನುವಾರ ಎಲ್ಲಾದರೂ ಬಯಲಿನಲ್ಲಿ ಸೇರುತ್ತಾರೆ. ಮದುವೆಯಾದ ಹೊಸದರಿಂದಲೂ ಭಾವ ಮುಂದೆ, ಅಕ್ಕ ಹಿಂದೆ, ಇಬ್ಬರ ನಡುವೆ ಒಂದು ಚಹಾ ಫ್ಲಾಸ್ಕು, ಹೀಗೆ ಒಂದು ರ‍್ಯಾಲಿಯನ್ನೂ ಬಿಟ್ಟವರಲ್ಲ. ಆಮೇಲೆ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ಕಾಲು ಎತ್ತಿ ಬೈಕಿನ ಆಚೆ ಹಾಕುವುದು ಮುಗಿದ ಕತೆಯಾಯಿತು. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಸ್ವಲ್ಪ ಮೈಯೂ ಬಂತು. ಡಾಕ್ಟರು ತೂಕ ಇಳಿಸಿ ಎಂದರು. ಡಾಕ್ಟರನ್ನೇ ಬದಲಾಯಿಸಿದಳು.

ಭಾವ ಒಂದೆರಡು ಸಲ ಒಬ್ಬರೇ ಹೋದರು. ಎರಡನೆಯ ಸಲ ಅರ್ಧ ದಾರಿಯಿಂದಲೇ ವಾಪಸು ಬಂದು, ರಸ್ತೆ ಚೆನ್ನಾಗಿಲ್ಲ ಎಂದರು. ಅದು ಹೊಸದಾಗಿ ಹಾಕಿದ ರಸ್ತೆ, ಗಾಜಿನಂತಿತ್ತು. ಫ್ಲಾಸ್ಕನ್ನು ಮುಚ್ಚಳವನ್ನೂ ತೆಗೆಯದೆ ಹಾಗೇ ತಂದು ಅಡುಗೆಮನೆಯಲ್ಲಿಟ್ಟರು. ಆ ದಿನ ನನಗೆ ಅವರನ್ನು ಚುಡಾಯಿಸಲು ಮನಸ್ಸು ಬರಲಿಲ್ಲ.

ಅದರ ಮುಂದಿನ ವಾರದಿಂದಲೇ ಗ್ಯಾರೇಜಿನ ಹಿಂದುಗಡೆ ಕುಟ್ಟುವ ಸದ್ದು ಶುರುವಾಯಿತು. ಭಾವ ಬೈಕಿನ ಪಕ್ಕಕ್ಕೆ ಒಂದು ಸೈಡ್‌ಕಾರ್ ಕಟ್ಟುತ್ತಿದ್ದರು. ಅಕ್ಕ ಕಾಲು ಎತ್ತಬಾರದೆಂದು ಅದಕ್ಕೆ ಪುಟ್ಟ ಬಾಗಿಲು, ಮಂಡಿ ಚಾಚಿ ಕೂರಲು ಉದ್ದನೆಯ ಮೂತಿ, ಬೆನ್ನಿಗೆ ದಪ್ಪನೆಯ ಮೆತ್ತೆ. ಭಾವ ಅದನ್ನು ತೊಟ್ಟಿಲು ಎಂದು ಕರೆದರು. ಅಕ್ಕ ಬಗ್ಗಿ ನೋಡಿ, "ಎಮ್ಮೆಗೆ ನೀರು ಕುಡಿಸೋ ತೊಟ್ಟಿ ಥರ ಇದೆ" ಎಂದಳು. ಆದರೆ ಬಣ್ಣ ಯಾವುದು ಹಚ್ಚಬೇಕೆಂದು ಮೂರು ದಿನ ತಲೆ ಕೆಡಿಸಿಕೊಂಡವಳೂ ಅವಳೇ. ಕೊನೆಗೆ ಗಿಳಿಹಸಿರು ಎಂದು ತೀರ್ಮಾನವಾಯಿತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ತೊಟ್ಟಿಲಿನಲ್ಲಿ ಇಂತಿಷ್ಟು ಭಾರ ಕೂರುತ್ತದೆ ಎಂದು ಮೊದಲೇ ಲೆಕ್ಕ ಹಿಡಿದು, ಅದಕ್ಕೆ ಸರಿಯಾಗಿ ಬೈಕನ್ನು ಚೂರು ವಾಲಿಸಿ ಬೋಲ್ಟು ಬಿಗಿಯಬೇಕಂತೆ. ಭಾರ ಲೆಕ್ಕಕ್ಕಿಂತ ಹೆಚ್ಚಾದರೆ ಗಾಡಿ ತೊಟ್ಟಿಲಿರುವ ಎಡಗಡೆಗೆ ಎಳೆಯುತ್ತದೆ, ಕಡಿಮೆಯಾದರೆ ಬಲಗಡೆಗೆ ಓಡುತ್ತದೆ. ಹಾಗಾಗಿ ಒಂದು ಸಂಜೆ ಭಾವ, ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದ ಅಕ್ಕನಿಗೆ ಕೇಳಿಸುವಂತೆ, "ಲೇ, ನಿನ್ನ ತೂಕ ಎಷ್ಟೇ?" ಎಂದು ಕೂಗಿದರು. ಹಿಂಡುವ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಒಂದು ಸಂಖ್ಯೆ ಬಂತು. ಆ ಸಂಖ್ಯೆಯನ್ನು ನಾನಿಲ್ಲಿ ಬರೆಯುವುದಿಲ್ಲ, ಇದನ್ನು ಅಕ್ಕ ಓದುತ್ತಾಳೆ.

ಭಾವ ಅಷ್ಟೇ ತೂಕದ ಮರಳನ್ನು ಚೀಲಗಳಿಗೆ ತುಂಬಿದರು. ತೂಗಿಸಿದ್ದು ಎಲ್ಲಿ? ಅಕ್ಕನ ಕೌಂಟರಿನಲ್ಲೇ. ಅಕ್ಕ ಮುಖ ಗಂಟಿಕ್ಕಿಕೊಂಡು ಒಂದೊಂದೇ ಚೀಲ ತೂಗಿಕೊಟ್ಟಳು. ಚೀಲಗಳನ್ನು ತೊಟ್ಟಿಲಿನಲ್ಲಿ ಕೂರಿಸಿ, ದಾರ ಹಿಡಿದು, ನೆಲಕ್ಕೆ ಕೆನ್ನೆ ಹಚ್ಚಿ, ವಾರಗಟ್ಟಲೆ ಒದ್ದಾಡಿ ಭಾವ ಗಾಡಿಯನ್ನು ಎಂಥ ನೇರ ಮಾಡಿದರೆಂದರೆ, ಕೈಬಿಟ್ಟರೂ ಗೆರೆ ಎಳೆದಂತೆ ಹೋಗುತ್ತಿತ್ತು.

"ಒಂದೇ ಸಲ ಬರ್ತೀನಿ. ಸರಿ ಬರ್ಲಿಲ್ಲ ಅಂದ್ರೆ ಆ ತೊಟ್ಟೀಲಿ ಮಣ್ಣು ತುಂಬಿ ಗುಲಾಬಿ ಗಿಡ ಹಾಕ್ತೀನಿ" ಎಂದು ಅಕ್ಕ ಮೊದಲೇ ಹೇಳಿದ್ದಳು.

ಹೀಗೆ ಒಂದು ಶನಿವಾರ ಬೆಳಿಗ್ಗೆ ನಾವು ಹೊರಟೆವು. ಗಿಳಿಹಸಿರು ತೊಟ್ಟಿಲಿನಲ್ಲಿ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಪಟ್ಟದ ರಾಣಿಯ ಹಾಗೆ ಕೂತಿದ್ದಳು. ಹಿಂದೆ ನನ್ನ ಹಳೆಯ ಸ್ಕೂಟರಿನಲ್ಲಿ ನಾನು, ನನ್ನ ಬೆನ್ನಿಗೆ ಟೆಂಟು, ಕಾಲ ಬಳಿ ಹಾಸಿಗೆ ಸುರುಳಿ, ಹ್ಯಾಂಡಲಿಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ನನ್ನನ್ನು ಕರೆದದ್ದು ಪ್ರೀತಿಯಿಂದ ಎಂದು ನಾನಂದುಕೊಂಡಿದ್ದೆ.

ಪೇಟೆ ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ, ಭಾವನ ಬಲಭುಜ ಎದ್ದು ಕಾಣತೊಡಗಿತು. ಹ್ಯಾಂಡಲನ್ನು ಬಲಕ್ಕೆ ಎಳೆದು ಹಿಡಿದೇ ಇದ್ದರು. ಸ್ವಲ್ಪ ಸಡಿಲ ಬಿಟ್ಟರೆ ಸಾಕು, ಗಾಡಿ ಎಡಗಡೆಯ ಚರಂಡಿಯ ಕಡೆ ಮೂತಿ ತಿರುಗಿಸುತ್ತಿತ್ತು.

ಮೊದಲ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಗಾಳಿ ನೋಡಿದರು, ಸರಿ ಇತ್ತು. ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ನೋಡಿದರು, ಎಲ್ಲ ಬಿಗಿ. ದಾರ ಎಳೆದು, ಬಂಕಿನವನು ಗಾಬರಿಯಾಗುವಂತೆ ನೆಲದ ಮೇಲೆ ಉದ್ದಕ್ಕೆ ಮಲಗಿ ನೋಡಿದರು.

"ದಾರ ನೇರ ಇದೆ" ಎಂದರು. ಅವರ ದನಿಯಲ್ಲಿ ಏನೋ ಕಳಚಿತ್ತು.

"ರಸ್ತೆ ವಾಲಿರಬೇಕು, ಬಿಡಿ ಭಾವ" ಎಂದೆ.

"ರಸ್ತೆ ಅಲ್ಲ ಕಣಯ್ಯ. ಮರಳು ಕೂರಿಸಿದ್ರೆ ನೇರ ಹೋಗತ್ತೆ, ಇವಳನ್ನ ಕೂರಿಸಿದ್ರೆ ಎಡಕ್ಕೆ ಹೋಗತ್ತೆ. ತೂಕ ಎರಡೂ ಒಂದೇ. ಅಂದ್ಮೇಲೆ ನಾನೆಲ್ಲೋ ತಪ್ಪಿದೀನಿ."

ದಾರಿಹೋಕನೊಬ್ಬನನ್ನು ನಿಲ್ಲಿಸಿ ಕೇಳಿದ್ದರೂ ಕಾರಣ ಏನೆಂದು ಹೇಳಿಬಿಡುತ್ತಿದ್ದ. ಆದರೆ ಭಾವನ ಯೋಚನೆ ಅತ್ತ ಸುಳಿಯಲೇ ಇಲ್ಲ. ಅಕ್ಕ ಹೇಳಿದ ತೂಕ ತಪ್ಪಿರಬಹುದು ಎನ್ನುವುದು, ಅವರ ಪಾಲಿಗೆ, ಸೂರ್ಯ ಇವತ್ತು ರಜೆ ಹಾಕಿರಬಹುದು ಎನ್ನುವಷ್ಟೇ ದೂರದ ಮಾತು.

ಮತ್ತೆ ಹೊರಟೆವು, ಮತ್ತೆ ನಿಂತೆವು. ಚಹಾ ಕುಡಿಯಲೆಂದು ಒಂದು ಮರದ ಕೆಳಗೆ ನಿಂತಾಗ ಭಾವ ಚಹಾ ಮುಟ್ಟದೆ ಗಾಡಿಯ ಅಡಿಗೆ ತೂರಿಕೊಂಡರು. ಅಕ್ಕ ನನ್ನ ತೋಳು ಹಿಡಿದು ಆಚೆಗೆ ಎಳೆದುಕೊಂಡು ಹೋದಳು.

"ನಾನು ಕಮ್ಮಿ ಹೇಳಿದ್ದೆ ಕಣೋ."

"ಏನು ಕಮ್ಮಿ?"

"ತೂಕ."

ನನಗೆ ನಗು ತಡೆಯಲಾಗಲಿಲ್ಲ. "ಎಷ್ಟು ಕಮ್ಮಿ?"

"ಒಂದು ಪಾರ್ಸಲ್ ಅಷ್ಟು."

"ಚಿಕ್ಕ ಪಾರ್ಸಲ್ಲೋ, ದೊಡ್ಡದೋ?"

"ಬಾಯ್ಮುಚ್ಚು."

ದೊಡ್ಡದೇ ಎಂದು ಗೊತ್ತಾಯಿತು. "ಹೋಗಿ ಹೇಳಿಬಿಡು. ಪಾಪ, ಅಲ್ಲಿ ಒದ್ದಾಡ್ತಿದಾರೆ."

"ಹೆಂಗೆ ಹೇಳ್ಲಿ? ಆ ಮರಳನ್ನೂ ನಾನೇ ತೂಗಿಕೊಟ್ಟಿದೀನಿ. ಇಷ್ಟು ವರ್ಷ ಊರಿನವರಿಗೆಲ್ಲ ನ್ಯಾಯ ಹೇಳಿದೋಳು, ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನೂ ತುಟಿ ಬಿಚ್ಚಬಾರದು. ಬಿಚ್ಚಿದ್ರೆ ಈ ಜನ್ಮದಲ್ಲಿ ನನ್ನ ಮನೆ ಮೆಟ್ಟಿಲು ಹತ್ತಬೇಡ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅಕ್ಕನ ಮಾತನ್ನು ಮೀರಿದವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ರ‍್ಯಾಲಿ ನಡೆಯುತ್ತಿದ್ದದ್ದು ಈಗ ಬಳಕೆಯಲ್ಲಿಲ್ಲದ ಒಂದು ವಿಮಾನ ಇಳಿಯುವ ಪಟ್ಟಿಯ ಪಕ್ಕದ ಬಯಲಿನಲ್ಲಿ. ಎಲ್ಲಿ ನೋಡಿದರೂ ಬೈಕು. ಮುಂದಿನ ಚಕ್ರ ಒಂದು ಊರಿನಲ್ಲಿ, ಹಿಂದಿನದು ಇನ್ನೊಂದು ಊರಿನಲ್ಲಿ ಎನ್ನುವಷ್ಟು ಉದ್ದದ ಬೈಕು, ಕ್ಷೌರದಂಗಡಿಯ ಕುರ್ಚಿಯನ್ನೇ ಸೀಟು ಮಾಡಿಕೊಂಡ ಬೈಕು. ಹಲ್ಲಿನ ಡಾಕ್ಟರೊಬ್ಬರು ಟ್ಯಾಂಕಿನ ಮೇಲೆ ಮೂವತ್ತೆರಡು ಹಲ್ಲು ಬರೆಸಿಕೊಂಡು, ಬಂದವರಿಗೆಲ್ಲ ಅದರಲ್ಲಿ ಯಾವುದು ಹುಳುಕು ಎಂದು ವಿವರಿಸುತ್ತಿದ್ದರು. ನಾನು ಸ್ಕೂಟರ್ ನಿಲ್ಲಿಸಿದ ಕೂಡಲೇ ಒಬ್ಬ ಬಂದು, ಹಾಸಿಗೆ ಸುರುಳಿ ಕಟ್ಟಿದ ರೀತಿ ಬಹಳ ಹೊಸದಾಗಿದೆ ಎಂದು ಫೋಟೋ ತೆಗೆದುಕೊಂಡು ಹೋದ.

ಹಿಂದೆಲ್ಲ ಇಂಥ ಕಡೆ ಭಾವ ಜಾತ್ರೆಗೆ ಬಂದ ಮಗುವಾಗುತ್ತಿದ್ದರಂತೆ. ಈ ಸಲ ಅವರು ಯಾವ ಬೈಕನ್ನೂ ತಿರುಗಿ ನೋಡಲಿಲ್ಲ. ಸಂಜೆ ಆ ಪಟ್ಟಿಯ ಮೇಲೆ ಸೈಡ್‌ಕಾರಿನವರಿಗೆಂದೇ ಒಂದು ಪಂದ್ಯವಿತ್ತು. ಜೊತೆಗಾರರನ್ನು ಕೂರಿಸಿಕೊಂಡು ಬಂದು, ಬಿಳಿ ಗೆರೆಯ ಬಳಿ ಹ್ಯಾಂಡಲಿನಿಂದ ಕೈ ತೆಗೆಯಬೇಕು, ಯಾರ ಗಾಡಿ ಗೆರೆ ಬಿಡದೆ ದೂರ ಹೋಗುತ್ತದೋ ಅವರು ಗೆದ್ದಂತೆ, ಆದರೆ ಕೊನೆಯ ಗುರುತು ದಾಟಿದೊಡನೆ ನಿಲ್ಲಿಸಲೇಬೇಕು. ಭಾವ ತಿಂಗಳುಗಳಿಂದ ಕನಸು ಕಂಡದ್ದು ಇದನ್ನೇ. ಅಭ್ಯಾಸಕ್ಕೆಂದು ಒಂದು ಸುತ್ತು ಹೋದರು. ಕೈ ತೆಗೆದ ಕ್ಷಣ ಗಾಡಿ ಎಡಕ್ಕೆ ಹೊರಳಿ, ಆಮ್ಲೆಟ್ ಅಂಗಡಿಯ ಕಡೆ ನುಗ್ಗಿತು. ಅಂಗಡಿಯವನು ಸಟ್ಟುಗ ಹಿಡಿದುಕೊಂಡೇ ಓಡಿದ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೋ, "ದಾರದಣ್ಣಾ, ದಾರ ಹರೀತಾ?" ಎಂದು ಕೂಗಿದರು.

ರ‍್ಯಾಲಿ ನಡೆಸುವವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಎದೆಯವರೆಗೆ ಗಡ್ಡ, ಮಾತು ಮಾತ್ರ ಮೆದು. ಅವರು ಬಂದು ಗಾಡಿಯನ್ನು ಸುತ್ತಿ ನೋಡಿ, "ಅಣ್ಣಾ, ಕೆಲಸ ಅಚ್ಚುಕಟ್ಟಾಗಿದೆ. ಬಹುಶಃ ತೊಟ್ಟಿಲಲ್ಲಿ ಕೂರೋ ಭಾರದ ಲೆಕ್ಕ ಏನಾದ್ರೂ…" ಎಂದರು.

ಭಾವನಿಗೆ ಎಲ್ಲಿತ್ತೋ ಸಿಟ್ಟು. "ಆ ಮಾತು ಬೇಡ ಮೇಷ್ಟ್ರೇ. ತೂಕದ ವಿಷಯದಲ್ಲಿ ನನ್ನ ಹೆಂಡ್ತಿ ಒಂದು ಗ್ರಾಮೂ ಆಚೀಚೆ ಮಾಡೋಳಲ್ಲ. ಲೋಕ ಎಲ್ಲ ತಪ್ಪಿದ್ರೂ ಅವಳು ತಪ್ಪಲ್ಲ. ತಪ್ಪಿರೋದು ನನ್ನ ಕಣ್ಣು."

ಅಕ್ಕ ಅಲ್ಲೇ ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಮೇಷ್ಟ್ರು ಹೋದ ಮೇಲೆ ಭಾವ ತೊಟ್ಟಿಲಿನ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟರು. "ನಿನ್ನ ಅಂಗಡೀಲಿ ನನಗೊಂದು ಕನ್ನಡಕ ಮಾಡಿಕೊಡ್ತೀಯಾ?" ಎಂದು ನನ್ನನ್ನು ಕೇಳಿದರು.

"ನಿಮ್ಮ ಕಣ್ಣು ಪರೀಕ್ಷೆ ಮಾಡಿದೋನು ನಾನೇ ಅಲ್ವಾ ಭಾವ? ಹದ್ದಿನ ಕಣ್ಣು ನಿಮ್ಮದು."

"ಅಕ್ಷರ ಓದೋ ಕಣ್ಣು ಬೇರೆ, ನೇರ ನೋಡೋ ಕಣ್ಣು ಬೇರೆ. ಅದು ಹೋಯ್ತು ಕಣಯ್ಯ. ಮನೆಗೆ ಹೋದ್ಮೇಲೆ ಈ ತೊಟ್ಟಿಲು ಬಿಚ್ಚಿಹಾಕ್ತೀನಿ. ಗಾಡಿ ನೇರ ಇದೆಯಾ ಇಲ್ವಾ ಅಂತ ಗೊತ್ತಾಗದೇ ಇರೋನು, ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ರಸ್ತೆಗೆ ಇಳೀಬಾರದು. ಚರಂಡಿಗೆ ಬಿದ್ದಿದ್ರೆ? ಅವಳ ಮಂಡಿಗೆ ಏನಾದ್ರೂ ಆಗಿದ್ರೆ?"

ಬೀಗ ಒಡೆದು ಹೇಳಿಯೇ ಬಿಡೋಣ ಎಂದು ತಿರುಗಿ ನೋಡಿದರೆ ಅಕ್ಕ ಅಲ್ಲಿರಲಿಲ್ಲ.

ಬಯಲಿನ ನಡುವೆ ಬೈಕು ತೂಗುವ ತಕ್ಕಡಿ ಇಟ್ಟಿದ್ದರು. ಎಲ್ಲಕ್ಕಿಂತ ಭಾರದ ಬೈಕು ಯಾವುದು, ಹಗುರದ್ದು ಯಾವುದು ಎಂದು ಬಹುಮಾನ ಕೊಡುವುದಕ್ಕೆ. ನೆಲಕ್ಕೆ ಒಂದು ಅಗಲದ ಕಬ್ಬಿಣದ ಹಲಗೆ, ಅದರ ಮುಂದೆ ಆಳೆತ್ತರದ ಕಂಬ, ಕಂಬದ ಮೇಲೆ ಬಯಲಿಗೆಲ್ಲ ಕಾಣುವಂಥ ಕೆಂಪು ದೀಪದ ಅಂಕಿಗಳು. ಬೈಕು ಹಿಡಿದುಕೊಂಡು ಸಾಲಾಗಿ ನಿಂತ ಗಂಡಸರನ್ನು ದಾಟಿಕೊಂಡು ಅಕ್ಕ ಕುಂಟುತ್ತಾ ಮುಂದೆ ಹೋಗುತ್ತಿದ್ದಳು.

"ಅಮ್ಮಾ, ಇದು ಗಾಡಿ ತೂಗೋದು" ಎಂದ ಅಲ್ಲಿದ್ದವನು.

"ಗೊತ್ತಪ್ಪ. ದಿನಾ ತಕ್ಕಡಿ ಮುಂದೆ ಕೂತಿರೋಳು ನಾನು. ಸ್ವಲ್ಪ ಪಕ್ಕಕ್ಕೆ ನಿಲ್ಲು." ಆಮೇಲೆ ತಿರುಗಿ, ಕೌಂಟರಿನಲ್ಲಿ ಮುಂದಿನವರನ್ನು ಕರೆಯುವ ಅದೇ ದನಿಯಲ್ಲಿ ಕೂಗಿದಳು: "ರೀ! ಇಲ್ಲಿ ಬನ್ರೀ! ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಾನು ನಿಮಗೆ ತೂಕ ಸುಳ್ಳು ಹೇಳಿದ್ದೆ. ಈಗ ಹತ್ತುತೀನಿ, ನೋಡ್ಕೊಳ್ಳಿ!"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಆಮ್ಲೆಟ್ ಅಂಗಡಿಯವನೂ ಸಟ್ಟುಗ ಇಳಿಸಿ ನೋಡಿದ. ಭಾವ ಎದ್ದರು. ಒಂದು ಗಳಿಗೆ ಅರ್ಥವಾಗದವರ ಹಾಗೆ ನಿಂತರು. ಅಕ್ಕ ಹಲಗೆಯ ಮೇಲೆ ಕಾಲಿಡಲು ಸೆರಗು ಸರಿಮಾಡಿಕೊಂಡಳು. ಆಗ ಭಾವ ಓಡಿದರು ನೋಡಿ, ಅವರು ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಓಡುತ್ತಲೇ ಮೈಮೇಲಿನ ದಪ್ಪ ಜಾಕೆಟ್ ಕಿತ್ತು, ಅಕ್ಕ ಎರಡನೆಯ ಕಾಲನ್ನು ಮೇಲಿಡುವ ಹೊತ್ತಿಗೆ ಅದನ್ನು ಆ ಕೆಂಪು ಅಂಕಿಗಳ ಮೇಲೆ ಎಸೆದು, ಎರಡೂ ಕಡೆ ಕೈಯಿಂದ ಒತ್ತಿ ಹಿಡಿದರು.

"ಯಾರೂ ನೋಡಬೇಡಿ! ಆ ಕಡೆ ತಿರುಗಿ!" ಎಂದು ಬಯಲಿಗೆಲ್ಲ ಗದರಿದರು. ಅಷ್ಟುದ್ದದ ಗಡ್ಡದವರು, ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡವರು, ಎಲ್ಲರೂ ಶಾಲೆಯ ಮಕ್ಕಳ ಹಾಗೆ ತಿರುಗಿ ನಿಂತರು. ಭಾವ ಹಳೆಯ ಕಾಲದ ಫೋಟೋದವನಂತೆ ಜಾಕೆಟ್ಟಿನ ಒಳಗೆ ತಲೆ ತೂರಿಸಿದರು. "ಅಲ್ಲಾಡಬೇಡ ಕಣೇ" ಎಂದು ಒಳಗಿಂದ ದನಿ ಬಂತು.

"ಅಲ್ಲಾಡ್ತಿಲ್ಲ. ಬೇಗ ನೋಡಿ ಮುಗಿಸಿ."

ಜಾಕೆಟ್ ಅಲುಗಾಡತೊಡಗಿದಾಗ ಭಾವ ಅಳುತ್ತಿದ್ದಾರೆ ಎಂದುಕೊಂಡೆ. ಹೊರಗೆ ಬಂದ ಮುಖ ನೋಡಿದರೆ ಕಣ್ಣೇನೋ ಒದ್ದೆಯಾಗಿತ್ತು, ಆದರೆ ನಗು ಕಿವಿಯಿಂದ ಕಿವಿಗೆ ಹರಡಿತ್ತು.

"ನನ್ನ ಕಣ್ಣು ಸರಿ ಇದೆ! ನನ್ನ ದಾರ ಸರಿ ಇದೆ!" ಎಂದು ಕೂಗಿದರು. ಏನಾಯಿತೆಂದು ಪೂರ್ತಿ ತಿಳಿಯದಿದ್ದರೂ ಜನ ಚಪ್ಪಾಳೆ ತಟ್ಟಿದರು. ಅಕ್ಕ ಹಲಗೆಯಿಂದ ಇಳಿದು, ಅಂಕಿಗಳು ಸೊನ್ನೆಗೆ ಬಂದವೆಂದು ಒಳಗೆ ಇಣುಕಿ ಖಾತ್ರಿ ಮಾಡಿಕೊಂಡ ಮೇಲೆಯೇ ಭಾವ ಜಾಕೆಟ್ ತೆಗೆದದ್ದು.

ಗಾಡಿಯ ಕಡೆ ನಡೆಯುತ್ತಾ ಅವರು ಕೇಳಿದರು, "ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಅಷ್ಟು ಮರಳು ತುಂಬ್ತಿದ್ರಿ. ಆ ಚೀಲಗಳು ಸಾಲಾಗಿ ಕೂತಿರೋದು ನಾನು ನೋಡ್ಬೇಕಾಗ್ತಿತ್ತು." ಅಕ್ಕನ ಕಣ್ಣು ತುಂಬಿ ಬಂತು. "ನನಗೇ ನನ್ನ ಮೇಲೆ ಬೇಜಾರಾಗಿತ್ತು ಕಣ್ರೀ."

ಭಾವ ಅವಳ ಕೈ ಹಿಡಿದುಕೊಂಡು ನಡೆದರು. ಸ್ವಲ್ಪ ದೂರ ಹೋದ ಮೇಲೆ, "ಆ ಚೀಲಗಳ ಜೊತೆ ನಾನು ಎಷ್ಟು ಸುತ್ತಾಡಿದೀನಿ ಗೊತ್ತಾ? ಒಂದಾದ್ರೂ ಬೈಯಬೇಕಲ್ಲ. ಬೇಜಾರು ಹಿಡಿದುಹೋಗಿತ್ತು" ಎಂದರು. ಅಕ್ಕ ಅವರ ಬೆನ್ನಿಗೊಂದು ಗುದ್ದು ಕೊಟ್ಟಳು.

ಆಮೇಲಿನ ಕೆಲಸ ಸುಲಭ. ಎರಡು ಬೋಲ್ಟು ಸಡಿಲಿಸಿ, ಬೈಕನ್ನು ಚೂರು ಹೊರಕ್ಕೆ ವಾಲಿಸಿ ಮತ್ತೆ ಬಿಗಿದರು. ಅಕ್ಕನನ್ನು ಒಳಗೆ ಕೂರಿಸಿಯೇ ದಾರ ಎಳೆದು, ನೆಲಕ್ಕೆ ಕೆನ್ನೆ ಹಚ್ಚಿ ನೋಡಿದರು. "ಹ್ಞೂಂ" ಎಂದರು. ಆ ಸದ್ದು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಸಂಜೆಯ ಪಂದ್ಯದಲ್ಲಿ ಬಿಳಿ ಗೆರೆಯ ಬಳಿ ಭಾವ ಎರಡೂ ಕೈ ಮೇಲೆತ್ತಿದರು. ತಾನೇಕೆ ಸುಮ್ಮನಿರಬೇಕೆಂದು ಅಕ್ಕನೂ ಎರಡೂ ಕೈ ಎತ್ತಿದಳು. ಗಿಳಿಹಸಿರು ಗಾಡಿ ಗೆರೆಯ ಮೇಲೆ ಗೆರೆಯಾಗಿ, ಎಡಕ್ಕೂ ಬಲಕ್ಕೂ ಅಲುಗದೆ ಪಟ್ಟಿಯ ಉದ್ದಕ್ಕೂ ಹೋಯಿತು. ಕೊನೆಯ ಗುರುತು ದಾಟಿದ ಮೇಲೆ ನಿಲ್ಲಿಸಬೇಕಿತ್ತು. ಇವರಿಬ್ಬರಿಗೂ ಅದು ಮರೆತೇಹೋಯಿತು. ಕೈ ಎತ್ತಿಕೊಂಡೇ, ಏನೋ ಕೂಗಿಕೊಳ್ಳುತ್ತಾ, ಪಟ್ಟಿ ಮುಗಿಯುವಲ್ಲಿ ಪೇರಿಸಿದ್ದ ಹುಲ್ಲಿನ ಪಿಂಡಿಗಳ ಒಳಗೆ ಮೆತ್ತಗೆ ಹೋಗಿ ಸೇರಿಕೊಂಡರು. ನಿಯಮ ಮುರಿದದ್ದಕ್ಕೆ ಬಹುಮಾನ ಎರಡನೆಯವಳಾಗಿ ಬಂದಿದ್ದ ಹಲ್ಲಿನ ಡಾಕ್ಟರರ ತಂಗಿಯ ಪಾಲಾಯಿತು. ಹುಲ್ಲು ಕೊಡವಿಕೊಳ್ಳುತ್ತಾ ಬಂದ ಅಕ್ಕ ನೇರ ಮೇಷ್ಟ್ರ ಹತ್ತಿರ ಹೋಗಿ, "ಮುಂದಿನ ರ‍್ಯಾಲಿ ಯಾವಾಗ?" ಎಂದು ಕೇಳಿದಳು. ಗುಲಾಬಿ ಗಿಡದ ವಿಷಯ ಆಮೇಲೆ ಯಾರೂ ಎತ್ತಿಲ್ಲ.

ಅದಾದ ಮೇಲೆ ಅವರು ಎಷ್ಟೋ ಕಡೆ ಹೋಗಿ ಬಂದಿದ್ದಾರೆ. ಕೌಂಟರಿನಲ್ಲಿ ಅಕ್ಕನ ಕಟ್ಟುನಿಟ್ಟು ಒಂದು ಗ್ರಾಮೂ ಇಳಿದಿಲ್ಲ. ಆ ದಿನ ಜಾಕೆಟ್ಟಿನೊಳಗೆ ಕಂಡ ಸಂಖ್ಯೆ ಎಷ್ಟೆಂದು ನಾನು ಭಾವನನ್ನು ಕೇಳದ ರೀತಿಯಿಲ್ಲ. ಊಟಕ್ಕೆ ಕರೆದು ಕೇಳಿದೆ, ಬಿಟ್ಟಿ ಕನ್ನಡಕದ ಆಸೆ ತೋರಿಸಿ ಕೇಳಿದೆ, ಯಾರಿಗೂ ಹೇಳಲ್ಲ ಎಂದು ಆಣೆ ಮಾಡಿ ಕೇಳಿದೆ. ಕಳೆದ ವಾರ ಅವರು ತೊಟ್ಟಿಲನ್ನು ಒರೆಸುತ್ತಿದ್ದಾಗ ಅಕ್ಕ ಹತ್ತಿರ ಇಲ್ಲದ್ದು ನೋಡಿ ಇನ್ನೊಮ್ಮೆ ಕೇಳಿದೆ.

"ಈಗಲಾದ್ರೂ ಹೇಳಿ ಭಾವ. ಎಷ್ಟಿತ್ತು?"

ಭಾವ ಬಟ್ಟೆ ಹಿಂಡಿ, ಒಮ್ಮೆ ಮನೆಯ ಬಾಗಿಲಿನ ಕಡೆ ನೋಡಿದರು. "ಗಾಡಿ ನೇರ ಹೋಗೋಕೆ ಎಷ್ಟು ಬೇಕೋ, ಸರಿಯಾಗಿ ಅಷ್ಟು" ಎಂದು ಹೇಳಿ ಮತ್ತೆ ಒರೆಸತೊಡಗಿದರು.